ಇಂಟರ್‌ಲಾಕ್ ಹಾಕುವ ಮುಂಚೆ ಅಂಗಳಕ್ಕೆ ದಮ್ಮಸು: ಪ್ಲೇಟ್ ಕಂಪ್ಯಾಕ್ಟರ್ ಬಳಸುವ ಕ್ರಮ

ನಮ್ಮ ಅಂಗಳಕ್ಕೆ ಇಂಟರ್‌ಲಾಕ್, ಅಂದರೆ ಒಂದಕ್ಕೊಂದು ಹೊಂದಿಸಿ ಜೋಡಿಸುವ ಕಾಂಕ್ರೀಟ್ ಕಲ್ಲು, ಕೂರಿಸಿದ್ದು ನವೆಂಬರ್ ಕೊನೆಯಲ್ಲಿ. ಜೂನ್‌ನಲ್ಲಿ ಆರಿದ್ರ ಮಳೆ ಹಿಡಿದ ಮೂರನೇ ದಿನ ಗೇಟಿನಿಂದ ಮೆಟ್ಟಿಲವರೆಗೆ ಗೀಟು ಎಳೆದ ಹಾಗೆ ಕಲ್ಲು ಇಳಿಯಿತು. ಮೊದಲು ಬೆರಳು ದಪ್ಪ, ವಾರ ಕಳೆಯುವಷ್ಟರಲ್ಲಿ ಚಪ್ಪಲಿ ಮುಳುಗುವಷ್ಟು ನೀರು ನಿಲ್ಲುವ ಕಾಲುವೆ. ಎತ್ತಿ ನೋಡಿದರೆ ಕಲ್ಲು ಒಂದೂ ಒಡೆದಿರಲಿಲ್ಲ. ಇಳಿದದ್ದು ನಲ್ಲಿ ಪೈಪಿಗೆಂದು ನಾವೇ ತೋಡಿಸಿ ಮುಚ್ಚಿಸಿದ್ದ ಸಾಲು. ಎರಡಡಿ ಆಳದ ತೋಡನ್ನು ಒಂದೇ ಸಲ ಮಣ್ಣು ತುಂಬಿ, ಮೇಲೆ ಎರಡು ಸುತ್ತು ಮೆಷಿನ್ ಓಡಿಸಿ ‘ದಮ್ಮಸ್ ಆಯ್ತು’ ಅಂತ ಕೈ ತೊಳೆದುಕೊಂಡಿದ್ದೆವು. 90 ಕಿಲೋ ಮೆಷಿನ್ನಿನ ಬಡಿತ ಒಂದು ಗೇಣು ಆಳಕ್ಕೂ ನೆಟ್ಟಗೆ ಇಳಿಯುವುದಿಲ್ಲ ಅಂತ ಆಗ ನನಗೂ ಗೊತ್ತಿರಲಿಲ್ಲ, ಮೇಸ್ತ್ರಿಗೂ ಗೊತ್ತಿರಲಿಲ್ಲ.

ಆಮೇಲೆ ಮೂರು ಅಂಗಳ ಮಾಡಿಸಿದ್ದೇನೆ: ಚಿಕ್ಕಮಗಳೂರಿನ ನಮ್ಮದೇ ಅಂಗಳ ಎರಡನೇ ಸಲ, ಮೂಡಿಗೆರೆ ಹತ್ತಿರ ಅಕ್ಕನ ಮನೆಯದು, ಕಡೂರಿನಲ್ಲಿ ಗೆಳೆಯನ ಮನೆ ಮುಂದಿನದು. ಮೂರೂ ಕಡೆ ಮೆಷಿನ್ ಒಂದೇ ಥರದ್ದು, ಮಣ್ಣು ಮಾತ್ರ ಬೇರೆ ಬೇರೆ. ಮೆಷಿನ್ ಹಿಡಿಯುವುದನ್ನು ಹತ್ತು ನಿಮಿಷದಲ್ಲಿ ಕಲಿಯಬಹುದು. ಯಾವ ಮಣ್ಣಿಗೆ ಎಷ್ಟು ನೀರು, ಎಷ್ಟು ದಪ್ಪದ ಪದರ ಅನ್ನುವುದಕ್ಕೇ ಹೊತ್ತು ಹಿಡಿಯುತ್ತದೆ. ಈ ಲೇಖನದಲ್ಲೂ ಜಾಸ್ತಿ ಜಾಗ ಅದಕ್ಕೇ.

ಅಕ್ಕಿ ಮತ್ತು ಮುದ್ದೆ

ಬಾಡಿಗೆ ಅಂಗಡಿಯಲ್ಲಿ ಬರೀ ‘ವೈಬ್ರೇಟರ್’ ಅಂತ ಕೇಳಬೇಡಿ. ಮೋಲ್ಡ್ ಹಾಕುವಾಗ ಕಾಂಕ್ರೀಟಿನೊಳಗೆ ಇಳಿಬಿಡುವ ಕೊಳವೆ ಕೊಟ್ಟು ಕಳಿಸುತ್ತಾರೆ. ‘ಪ್ಲೇಟ್ ಕಂಪ್ಯಾಕ್ಟರ್’ ಅನ್ನಿ, ಇಲ್ಲ ‘ನೆಲ ಕೂರಿಸೋ ಪ್ಲೇಟ್ ಮೆಷಿನ್’ ಅನ್ನಿ. ಅಡಿಯಲ್ಲಿ ದಪ್ಪ ಕಬ್ಬಿಣದ ಹಲಗೆ, ಮೇಲೆ 5ರಿಂದ 6.5 ಎಚ್‌ಪಿ ಪೆಟ್ರೋಲ್ ಎಂಜಿನ್, ಹಿಂದೆ ಹಿಡಿ. ಮನೆ ಕೆಲಸಕ್ಕೆ ಸಿಗುವುದು ಸಾಮಾನ್ಯವಾಗಿ 60ರಿಂದ 100 ಕಿಲೋ ತೂಕದ್ದು, ಮುಂದಕ್ಕೆ ಮಾತ್ರ ಹೋಗುವ ಜಾತಿ.

ತೂಕದಿಂದ ನೆಲ ಕೂರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒಂದು ಲೆಕ್ಕ ಹಾಕಿ ನೋಡಿ. 90 ಕಿಲೋ ಮೆಷಿನ್ನಿನ ಹಲಗೆ ಅರ್ಧ ಮೀಟರ್‌ಗೆ ಅರ್ಧ ಮೀಟರ್ ಇದ್ದರೆ ಒಂದು ಚದರ ಮೀಟರಿಗೆ ಬೀಳುವ ಭಾರ 360 ಕಿಲೋ. 65 ಕಿಲೋ ಆಳು ಒಂಟಿ ಕಾಲಲ್ಲಿ ನಿಂತರೆ ಅದೇ ಲೆಕ್ಕದಲ್ಲಿ 3,000 ಕಿಲೋ ದಾಟುತ್ತದೆ. ಎಂಜಿನ್ ಆಫ್ ಮಾಡಿದ ಮೆಷಿನ್‌ಗಿಂತ ನಿಮ್ಮ ಹಿಮ್ಮಡಿಯೇ ನೆಲವನ್ನು ಜಾಸ್ತಿ ಒತ್ತುತ್ತದೆ! ಕೆಲಸ ಮಾಡುವುದು ಅದರ ನಡುಕ. ಹಲಗೆ ಮೇಲಿನ ಡಬ್ಬಿಯೊಳಗೆ ಒಂದು ಕಡೆ ಭಾರವಿರುವ ದಂಡ ಗಿರಗಿರ ತಿರುಗುತ್ತದೆ, ಸೆಕೆಂಡಿಗೆ 90ರ ಆಸುಪಾಸು ಬಡಿತ ಬೀಳುತ್ತದೆ. ಸೇರಿಗೆ ಅಕ್ಕಿ ತುಂಬಿ ಪಕ್ಕಕ್ಕೆ ತಟ್ಟಿದರೆ ಇನ್ನೊಂದು ಹಿಡಿ ಹಿಡಿಯುತ್ತದಲ್ಲ, ಅದೇ ಕತೆ. ಕಾಳು ಕಾಳು ಜರುಗಿ ಸಂದಿ ತುಂಬಿಕೊಳ್ಳುತ್ತದೆ.

ಹಾಗಾಗಿ ಮರಳು, ಜಲ್ಲಿ, ಗರಸು ಮಣ್ಣಿಗೆ ಈ ಮೆಷಿನ್ ಹೇಳಿ ಮಾಡಿಸಿದ್ದು. ಜೇಡಿಗೆ ಒಗ್ಗುವುದಿಲ್ಲ. ಮುದ್ದೆ ಹಿಟ್ಟನ್ನು ಎಷ್ಟು ಅಲ್ಲಾಡಿಸಿದರೂ ಗಟ್ಟಿಯಾಗುತ್ತದಾ? ಕೋಲು ಹಾಕಿ ತಿರುವಿ ನಾದಬೇಕು. ಜೇಡಿ ಮಣ್ಣಿಗೂ ಅಷ್ಟೆ, ಕುಟ್ಟಬೇಕು. ಅದಕ್ಕೆ ಬೇರೆ ಮೆಷಿನ್ ಇದೆ: ಕಪ್ಪೆ ಥರ ಕುಪ್ಪಳಿಸುವ ರ‍್ಯಾಮರ್. ತೂಕ 60-70 ಕಿಲೋ, ಪಾದ ಒಂದಡಿ ಅಗಲ, ಸೆಕೆಂಡಿಗೆ ಹತ್ತು ಹನ್ನೊಂದು ಏಟು. ಪೈಪಿನ ತೋಡಿಗೂ ಅದೇ ಸರಿ, ಪ್ಲೇಟ್ ಮೆಷಿನ್ ತೋಡಿನೊಳಗೆ ಇಳಿಯುವುದೇ ಇಲ್ಲ.

ನಿಮ್ಮದು ಯಾವ ಮಣ್ಣು ಅಂತ ತಿಳಿಯಲು ಲ್ಯಾಬ್ ಬೇಡ. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ಪೆನ್ಸಿಲ್‌ನಷ್ಟು ಸಣ್ಣ ಬತ್ತಿ ಮಾಡಿ. ಮುರಿಯದೆ ಉದ್ದಕ್ಕೆ ಬಂದರೆ ಜೇಡಿ ಜಾಸ್ತಿ. ಹೊಸೆಯುವಾಗಲೇ ಪುಡಿಯಾಗಿ ಉದುರಿದರೆ ಗರಸು. ಕಡೂರಿನ ಗೆಳೆಯನ ಅಂಗಳದ ಮಣ್ಣು ಬತ್ತಿಯೇ ಆಗಲಿಲ್ಲ, ಪ್ಲೇಟ್ ಮೆಷಿನ್ ಒಂದರಲ್ಲೇ ಕೆಲಸ ಮುಗಿಯಿತು. ಅಕ್ಕನ ಮನೆಯ ಕೆಮ್ಮಣ್ಣು ಬತ್ತಿಯೂ ಆಯಿತು, ಬಾಗಿಸಿದರೆ ಬಳೆಯೂ ಆಯಿತು. ಅಲ್ಲಿ ತಳಕ್ಕೆ ರ‍್ಯಾಮರ್, ಜಲ್ಲಿಗೆ ಪ್ಲೇಟ್, ಹೀಗೆ ಎರಡೂ ತರಿಸಬೇಕಾಯಿತು. ಅಜ್ಜಂಪುರ ಕಡೆಯವರ ಹಾಗೆ ಎರೆಮಣ್ಣಿನ ಮೇಲೆ ಮನೆ ಕಟ್ಟಿದವರಿಗೆ ಯಾವ ಮೆಷಿನ್ನೂ ಸಾಲದು. ಬೇಸಿಗೆಗೆ ಬಿರಿಯುವ, ಮಳೆಗೆ ಉಬ್ಬುವ ಗುಣ ಕುಟ್ಟಿದರೆ ಹೋಗುವುದಿಲ್ಲ. ಕನಿಷ್ಠ ಒಂದಡಿ ಎರೆ ತೆಗೆದು ಗರಸು ತುಂಬಿಸಿ, ಅದರ ಮೇಲೆ ಮುಂದಿನ ಕೆಲಸ.

ಯಾವಾಗ ಶುರು ಮಾಡಬೇಕು

ಸ್ವಾತಿ ಮಳೆ ಕಳೆಯುವವರೆಗೆ, ಅಂದರೆ ನವೆಂಬರ್ ಮೊದಲ ವಾರದವರೆಗೆ, ಮಲೆನಾಡಿನ ಕಡೆ ಅಂಗಳ ಅಗೆಯುವ ಯೋಚನೆಯೇ ಬೇಡ. ಆದರೆ ತಡ ಮಾಡಿದರೆ ಅರೇಬಿಕಾ ಕಾಫಿ ಕೊಯ್ಲು ಶುರುವಾಗಿ ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ಆಳು ಸಿಗುವುದಿಲ್ಲ. ರೋಬಸ್ಟಾ ಮುಗಿದ ಮೇಲೆ, ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಇನ್ನೊಂದು ಅವಕಾಶ ಇದೆ. ಹೂ ಮಳೆ ನಡುವೆ ಒಂದೆರಡು ದಿನ ಕೆಡಿಸಬಹುದು, ಟಾರ್ಪಾಲ್ ಇಟ್ಟುಕೊಂಡಿರಿ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನವರಿಗೆ ಈ ತಲೆಬಿಸಿ ಇಲ್ಲ, ಅವರ ಕಷ್ಟ ಮಣ್ಣಿಗೆ ಹಾಕಲು ನೀರಿನದು.

ಅಳತೆ, ವಾಟ, ಅಗೆತ

ಒಂದು ಲೆಕ್ಕ ಇಟ್ಟುಕೊಳ್ಳೋಣ: ಕಾರು ನಿಲ್ಲುವ 30 ಅಡಿ ಉದ್ದ, 15 ಅಡಿ ಅಗಲದ ಅಂಗಳ. ಮೇಲಿನಿಂದ ಕೆಳಗೆ 6 ಸೆಂಟಿಮೀಟರ್ ಕಲ್ಲು, 3 ಸೆಂಟಿಮೀಟರ್ ಮರಳು, 15 ಸೆಂಟಿಮೀಟರ್ ಜಲ್ಲಿ. ಒಟ್ಟು 24. ಅಂಗಳದ ಮಟ್ಟ ಎಲ್ಲಿ ಬರಬೇಕೋ ಅಲ್ಲಿಂದ 24 ಸೆಂಟಿಮೀಟರ್ ಕೆಳಗೆ ಅಗೆದ ತಳ ಇರಬೇಕು. ಜನ ಓಡಾಡುವ ದಾರಿ ಮಾತ್ರವಾದರೆ ಜಲ್ಲಿ 10 ಸೆಂಟಿಮೀಟರ್ ಸಾಕು. ತುಂಬಿದ ಪಿಕಪ್, ಟ್ರ್ಯಾಕ್ಟರ್ ಬರುವ ಜಾಗವಾದರೆ ಕಲ್ಲು 8 ಸೆಂಟಿಮೀಟರಿನದು ತೆಗೆದುಕೊಳ್ಳಿ, ಜಲ್ಲಿ 20ಕ್ಕೆ ಏರಿಸಿ. ಪೇವರ್ ಕಲ್ಲಿಗೆ ಐಎಸ್ 15658 ಅಂತ ಮಾನಕ ಇದೆ. ಕೊಳ್ಳುವಾಗ ಅದರ ಪ್ರಕಾರ ಎಷ್ಟು ದಪ್ಪ, ಯಾವ ಗ್ರೇಡ್ ಅಂತ ಕೇಳಿ. ಬಣ್ಣ ಆಮೇಲೆ ಆರಿಸಬಹುದು.

ವಾಟ ಅಗೆಯುವಾಗಲೇ ಬರಬೇಕು. ಮರಳಿನಲ್ಲಿ ವಾಟ ಕೊಡುತ್ತೇನೆ ಅನ್ನುವ ಮೇಸ್ತ್ರಿಯ ಮಾತು ಕೇಳಬೇಡಿ. ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು, ಮನೆ ಗೋಡೆಯಿಂದ ಆಚೆಗೆ. 15 ಅಡಿ ಅಂದರೆ ನಾಲ್ಕೂವರೆ ಮೀಟರ್, ಆ ಕೊನೆ ಗೋಡೆ ಬುಡಕ್ಕಿಂತ 9 ಸೆಂಟಿಮೀಟರ್ ತಗ್ಗಿರಬೇಕು. ಬಯಲುಸೀಮೆಯಲ್ಲಿ ಒಂದೂವರೆ ಸೆಂಟಿಮೀಟರ್‌ನಲ್ಲೂ ನಡೆಯುತ್ತದೆ. ಮಲೆನಾಡಿನಲ್ಲಿ ಎರಡಕ್ಕಿಂತ ಕಡಿಮೆ ಮಾಡಿದರೆ ಪಾಚಿ ಕಟ್ಟಿ ಜಾರುತ್ತದೆ. ನೀರು ತುಂಬಿದ ಟ್ಯೂಬಿನಲ್ಲಿ ಮಟ್ಟ ಹಿಡಿದು, ಗೂಟ ಹೊಡೆದು, ದಾರ ಎಳೆದು ಬಿಡಿ. ಕೆಲಸ ಮುಗಿಯುವವರೆಗೆ ಆ ದಾರವೇ ಯಜಮಾನ.

ಅಗೆಯುವಾಗ ಕಪ್ಪಗಿನ ಮೇಲ್ಮಣ್ಣನ್ನು ಪೂರ್ತಿ ತೆಗೆಯಿರಿ. ಬೇರು, ತರಗು, ಗೊಬ್ಬರ ಬೆರೆತ ಆ ಮಣ್ಣು ಸ್ಪಂಜಿನ ಹಾಗೆ, ಎಷ್ಟು ಕುಟ್ಟಿದರೂ ಮತ್ತೆ ಏಳುತ್ತದೆ. ಗಿಡದ ಬುಡಕ್ಕೆ ಹಾಕಿಕೊಳ್ಳಿ. ಅಕ್ಕನ ಮನೆಯಲ್ಲಿ ಹಿಂದೆ ಕಡಿಸಿದ್ದ ಸಿಲ್ವರ್ ಓಕಿನ ಬುಡ ನೆಲದೊಳಗೇ ಉಳಿದಿತ್ತು. ಹಾರೆ ಹಾಕಿದರೆ ಬೆಂದ ಗೆಣಸಿನ ಹಾಗೆ ಒಳಗೆ ಹೋಯಿತು. ಅರ್ಧ ದಿನ ಹಿಡಿದರೂ ಬುಡ, ದಪ್ಪ ಬೇರು ಎಲ್ಲ ತೆಗೆಸಿ, ಗುಂಡಿಯನ್ನು ಒಂದೊಂದು ಅಂಗೈ ದಪ್ಪದ ಪದರದಲ್ಲಿ ತುಂಬಿಸಿದೆವು. ಬಿಟ್ಟಿದ್ದರೆ ಬೇರು ಕೊಳೆತು ಒಳಗೆ ಪೊಳ್ಳಾಗಿ ಅಲ್ಲೊಂದು ಬಟ್ಟಲು ಏಳುತ್ತಿತ್ತು.

ಪೈಪ್, ಕರೆಂಟ್ ಕೇಬಲ್, ಸಂಪು, ಪಿಟ್‌ಗುಂಡಿ ಎಲ್ಲೆಲ್ಲಿ ಇವೆ ಅಂತ ಸುಣ್ಣದಲ್ಲಿ ಗೆರೆ ಎಳೆದುಕೊಳ್ಳಿ. ಪಿವಿಸಿ ಪೈಪಿನ ಮೇಲೆ ಒಂದಡಿಯಾದರೂ ಮಣ್ಣು ಇಲ್ಲದಿದ್ದರೆ ಮೆಷಿನ್ ಹಾಯಿಸಬೇಡಿ, ಕೈ ದಮ್ಮಸು ಹೊಡೆಯಿರಿ. ಸಂಪಿನ ಮುಚ್ಚಳ, ಪಿಟ್ಟಿನ ಚಪ್ಪಡಿ ಮೇಲಂತೂ ಬೇಡವೇ ಬೇಡ. ಹಳೇ ಮಣ್ಣಿನ ಗೋಡೆಯ ಮನೆಯಾದರೆ ಗೋಡೆಯಿಂದ ಎರಡಡಿ ದೂರ ಕೈಯಲ್ಲೇ ಮಾಡಿಸಿ, ಆ ನಡುಕಕ್ಕೆ ಗಾರೆ ಚಕ್ಕಳೆ ಏಳುತ್ತದೆ. ಹೊಸದಾಗಿ ಕಟ್ಟಿದ ಕಾಂಪೌಂಡ್ ಪಕ್ಕದಲ್ಲೂ ಹಾಗೇ, ವಾರವಾದರೂ ಬಿಟ್ಟು ಆಮೇಲೆ.

ನೀರು

ಒಂದು ವಿಷಯದಲ್ಲಿ ಮಾತ್ರ ಎಚ್ಚರ ವಹಿಸುತ್ತೇನೆ ಅನ್ನುವವರು ಇದನ್ನು ಹಿಡಿದುಕೊಳ್ಳಿ.

ಒಣಮಣ್ಣಿನ ಮೇಲೆ ಮೆಷಿನ್ ಓಡಿಸಿದರೆ ಧೂಳೇಳುತ್ತದೆ, ಮೇಲೆ ಒಂದು ನುಣುಪು ಬರುತ್ತದೆ, ಕೆಳಗೆ ಹಾಗೇ ಪೊಳ್ಳು. ಕಾಳಿಗೂ ಕಾಳಿಗೂ ತಿಕ್ಕಾಟ ಜಾಸ್ತಿ, ಜಾರಲು ಆಗುವುದಿಲ್ಲ. ಸ್ವಲ್ಪ ತೇವವಿದ್ದರೆ ಅದೇ ಎಣ್ಣೆ ಹಚ್ಚಿದ ಹಾಗೆ, ಕಾಳು ಜಾರಿ ತನ್ನ ಜಾಗ ಹುಡುಕಿಕೊಳ್ಳುತ್ತದೆ. ತೇವ ಅತಿಯಾದರೆ ಸಂದಿಯಲ್ಲಿ ನೀರೇ ತುಂಬಿ, ಹತ್ತಿರ ಬರಬೇಕಾದ ಕಾಳುಗಳನ್ನು ನೀರು ದೂಡುತ್ತದೆ. ಪ್ರತಿ ಮಣ್ಣಿಗೂ ಒಂದು ಹದದ ತೇವ ಇದೆ, ಅದರಲ್ಲಿ ಕುಟ್ಟಿದರೆ ಮಾತ್ರ ಅತಿ ಹೆಚ್ಚು ಗಟ್ಟಿಯಾಗುತ್ತದೆ ಅಂತ ಪ್ರಾಕ್ಟರ್ ಅನ್ನುವ ಅಮೆರಿಕದ ಎಂಜಿನಿಯರ್ 1933ರಲ್ಲಿ ಲೆಕ್ಕ ಹಾಕಿ ತೋರಿಸಿದ. ಹೆದ್ದಾರಿ ಕೆಲಸದಲ್ಲಿ ಇವತ್ತಿಗೂ ಆ ಪರೀಕ್ಷೆಗೆ ಅವನದೇ ಹೆಸರು.

ಅಂಗಳದ ಪರೀಕ್ಷೆ ಅದಕ್ಕಿಂತ ಸುಲಭ. ಅಗೆದ ತಳದಿಂದ, ಮೇಲಿನ ಒಣ ಪದರ ಕೆರೆದು, ಒಂದು ಹಿಡಿ ಮಣ್ಣು ತೆಗೆದು ಗಟ್ಟಿಯಾಗಿ ಮುಷ್ಟಿ ಕಟ್ಟಿ. ಬಿಚ್ಚಿದಾಗ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಆ ಉಂಡೆಯನ್ನು ಸೊಂಟದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ಎರಡು ಮೂರು ಹೋಳಾದರೆ ಹದ. ಪುಡಿಪುಡಿಯಾದರೆ ನೀರು ಬೇಕು. ಒಡೆಯದೆ ಚಪ್ಪಟೆಯಾಗಿ ಕೂತರೆ, ಮುಷ್ಟಿ ಕಟ್ಟಿದಾಗ ಬೆರಳ ಸಂದಿಯಲ್ಲಿ ಮಣ್ಣು ಜಿನುಗಿದರೆ, ಆವತ್ತಿನ ಕೆಲಸ ನಿಲ್ಲಿಸಿ ಬಿಸಿಲು ಕಾಯಿರಿ.

ನೀರು ಹಾಕುವುದಿದ್ದರೆ ಪೈಪ್ ಬಿಟ್ಟು ಹರಿಸಬೇಡಿ. ಗಿಡಕ್ಕೆ ಚಿಮುಕಿಸುವ ಹಾಗೆ ಸಂಜೆ ಹಾಕಿ ರಾತ್ರಿ ಇಂಗಲು ಬಿಡಿ, ಬೆಳಗ್ಗೆ ಉಂಡೆ ಕಟ್ಟಿ ನೋಡಿ. ಕಡೂರಿನಲ್ಲಿ ಮೇಸ್ತ್ರಿ ಇದಕ್ಕೆ ಒಪ್ಪಲೇ ಇಲ್ಲ. ‘ನೀರು ಹಾಕಿದ್ರೆ ಕೆಸರಾಗಲ್ವಾ ಸಾರ್, ಒಣಗಿರೋ ನೆಲ ಗಟ್ಟಿ ಐತಲ್ಲ’ ಅಂದ. ಜಗಳ ಬೇಡ ಅಂತ ಅರ್ಧ ಅಂಗಳಕ್ಕೆ ಹಿಂದಿನ ರಾತ್ರಿ ನೀರು ಚಿಮುಕಿಸಿದೆವು, ಅರ್ಧ ಹಾಗೇ ಬಿಟ್ಟೆವು. ಎರಡೂ ಕಡೆ ನಾಲ್ಕು ನಾಲ್ಕು ಸಲ ಮೆಷಿನ್ ಹಾಯಿಸಿದ ಮೇಲೆ 12 ಎಂಎಂ ಕಂಬಿ ಕೊಟ್ಟು ಒತ್ತಿ ನೋಡು ಅಂದೆ. ತೇವದ ಕಡೆ ಬೆರಳಿನ ಒಂದು ಗೆಣ್ಣು ಹೋಗಿ ನಿಂತಿತು. ಒಣ ಕಡೆ ಮೇಲಿನ ಹೆಕ್ಕಳೆ ಒಡೆದು ಗೇಣುದ್ದ ಇಳಿಯಿತು. ಅವನು ಏನೂ ಅನ್ನಲಿಲ್ಲ, ಉಳಿದರ್ಧಕ್ಕೆ ಪೈಪ್ ತರಲು ತಾನೇ ಹೋದ.

ಮೂಡಿಗೆರೆಯಲ್ಲಿ ತಿರುಗಾಮುರುಗಾ. ನವೆಂಬರ್ ಬಿಸಿಲಿಗೆ ಮೇಲೆ ಬಿರುಕು ಬಿಟ್ಟಿತ್ತು, ಕೆಳಗೆ ಮಳೆಗಾಲದ ತೇವ ಹಾಗೇ ಕೂತಿತ್ತು. ಮೆಷಿನ್ ಹಾಯಿಸಿದರೆ ನೆಲ ಗಿಣ್ಣಿನ ಥರ ತುಳುಕಿತು. ಇಲ್ಲಿ ಒತ್ತಿದರೆ ಅಲ್ಲಿ ಉಬ್ಬು. ಹೀಗೆ ಆದಾಗ ಇನ್ನೊಂದು ಸುತ್ತು ಹೊಡೆದರೆ ಸರಿಹೋಗುತ್ತೆ ಅನ್ನುವುದು ತಪ್ಪು, ಹೊಡೆದಷ್ಟೂ ಕೆಳಗಿನ ನೀರು ಮೇಲೆ ಬರುತ್ತದೆ. ಮೆಷಿನ್ ನಿಲ್ಲಿಸಿ ಆ ಜಾಗವನ್ನು ಇನ್ನೂ 15-20 ಸೆಂಟಿಮೀಟರ್ ಅಗೆದು, ನಾಲ್ಕು ದಿನ ಬಿಸಿಲಿಗೆ ಬಿಟ್ಟೆವು. ಆಮೇಲೆ ರ‍್ಯಾಮರ್ ಹೊಡೆದು, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದರ ಮೇಲೆ ದಪ್ಪ ಜಲ್ಲಿ ಹಾಕಿದೆವು. ಬಟ್ಟೆ ಇಲ್ಲದಿದ್ದರೆ ಮಳೆಗಾಲದಲ್ಲಿ ಕೆಮ್ಮಣ್ಣು ಮೇಲೆದ್ದು ಜಲ್ಲಿಯ ಸಂದಿಗೆ ಸೇರಿ, ಜಲ್ಲಿ ನಿಧಾನಕ್ಕೆ ಮಣ್ಣಿಗಿಳಿಯುತ್ತದೆ. ಮಲೆನಾಡಿನ ಜೇಡಿಗೆ ಆ ಖರ್ಚು ಹೆಚ್ಚೇನಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಡೂರಿನ ಗರಸಿಗೆ ಬೇಕಿಲ್ಲ.

ಮೆಷಿನ್ ಓಡಿಸುವುದು

ಪಿಕಪ್‌ನಿಂದ ಇಳಿಸಲು ಮೂರು ಜನ ಬೇಕು. ಹಿಡಿಕೆ ಹಿಡಿದು ಎತ್ತಬೇಡಿ, ಅದು ರಬ್ಬರ್ ಬುಷ್ ಮೇಲೆ ನಿಂತಿರುವುದು, ಕಿತ್ತು ಬರುತ್ತದೆ. ಎತ್ತಲೆಂದೇ ಇರುವ ಕಂಬಿ ಹಿಡಿಯಿರಿ. ಸಮತಟ್ಟು ಜಾಗದಲ್ಲಿಟ್ಟು ಎಂಜಿನ್ ಆಯಿಲ್ ನೋಡಿ, ನಡುಕಕ್ಕೆ ನಟ್ಟು ಬೋಲ್ಟು ಸಡಿಲವಾಗಿಲ್ಲ ತಾನೇ ಅಂತ ಕೈಯಾಡಿಸಿ ನೋಡಿ, ಹಲಗೆಯ ಅಡಿಗೆ ಹಿಂದಿನ ಬಾಡಿಗೆಯವರ ಕಾಂಕ್ರೀಟ್ ಅಂಟಿದ್ದರೆ ಕೆರೆಯಿರಿ. ಆ ಗಂಟು ಉಳಿದರೆ ನೆಲದ ತುಂಬ ಗೀರು. ಬಾಡಿಗೆಗೆ ಬರುವ ಎಷ್ಟೋ ಮೆಷಿನ್‌ಗಳಲ್ಲಿ ಹೋಂಡಾ ಜಿಎಕ್ಸ್ 160 ಎಂಜಿನ್ ಇರುತ್ತದೆ, ಅದಕ್ಕೆ ಹಿಡಿಯುವ ಆಯಿಲ್ ಅರ್ಧ ಲೀಟರಿಗೆ ತುಸು ಜಾಸ್ತಿ. ಆಯಿಲ್ ಕಡಿಮೆಯಾದರೆ ತಾನೇ ಆಫ್ ಆಗುವ ಸಾಧನ ಇದ್ದರೆ ಇಳಿಜಾರಿನಲ್ಲಿ ತಟ್ಟನೆ ನಿಂತುಬಿಡಬಹುದು. ಕಾರ್ಬುರೇಟರ್ ಬಿಚ್ಚುವ ಮುಂಚೆ ಆಯಿಲ್ ಕಡ್ಡಿ ನೋಡಿ.

ಪೆಟ್ರೋಲ್ ಟ್ಯಾಪ್ ತೆಗೆದು, ತಣ್ಣಗಿದ್ದರೆ ಚೋಕ್ ಹಾಕಿ, ಹಗ್ಗ ಎಳೆಯಿರಿ. ಎರಡು ನಿಮಿಷ ನಿಧಾನಕ್ಕೆ ಓಡಲಿ. ಆಮೇಲೆ ಆಕ್ಸಿಲರೇಟರ್ ಪೂರ್ತಿ. ಶಬ್ದ ಕಡಿಮೆಯಾಗಲಿ ಅಂತ ಅರ್ಧಕ್ಕೆ ಇಟ್ಟರೆ ಕ್ಲಚ್ ಜಾರಿ ಸುಡುತ್ತದೆ, ಬಡಿತವೂ ಬೀಳುವುದಿಲ್ಲ. ಮೆಷಿನ್ ತಾನೇ ಮುಂದಕ್ಕೆ ಹೋಗುತ್ತದೆ, ನೀವು ಹಿಂದೆ ದಾರಿ ತೋರಿಸುತ್ತ ನಡೆಯಬೇಕು ಅಷ್ಟೆ. ಹಿಡಿಯನ್ನು ಕೆಳಕ್ಕೆ ಒತ್ತಿ ಹಿಡಿದರೆ ಮೂಗು ಎದ್ದು ಓಡುವುದೇ ಇಲ್ಲ, ಕೈ ಮಾತ್ರ ಜುಮ್ಮೆನ್ನುತ್ತದೆ. ಮೊದಲ ದಿನ ನಾನು ಹೀಗೇ ಒತ್ತಿ ಹಿಡಿದು, ರಾತ್ರಿ ಊಟಕ್ಕೆ ಕೂತರೆ ಬೆರಳು ತುತ್ತು ಕಟ್ಟಲಿಲ್ಲ. ಅರ್ಧ ಗಂಟೆಗೊಮ್ಮೆ ಆಳು ಬದಲಾಯಿಸಿ. ಕಿವಿಗೆ ಮುಚ್ಚುಗೆ, ಕಾಲಿಗೆ ಗಟ್ಟಿ ಬೂಟು ಬೇಕೇ ಬೇಕು. ಹವಾಯಿ ಚಪ್ಪಲಿ ಹಾಕಿಕೊಂಡು ಓಡಿಸುವವರನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಓಡಿಸಬೇಡಿ, ಹೊಗೆ ವಿಷ. ಎಂಜಿನ್ ಆರದೆ ಪೆಟ್ರೋಲ್ ತುಂಬಬೇಡಿ.

ಅಂಚಿನಿಂದ ಶುರು ಮಾಡಿ ನಡುವಿಗೆ ಬನ್ನಿ. ವಾಟ ಇರುವಲ್ಲಿ ತಗ್ಗಿನಿಂದ ಏರಿಗೆ. ಉಳುವಾಗ ಸಾಲಿಗೆ ಸಾಲು ತಾಗಿಸುವ ಹಾಗೆ ಪ್ರತಿ ಸಾಲೂ ಹಿಂದಿನ ಸಾಲನ್ನು ನಾಲ್ಕು ಬೆರಳು ಹತ್ತಿರಬೇಕು. ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ. ತಿರುಗಿಸುವಾಗ ನಿಲ್ಲಿಸದೆ ಬಳಸಿಕೊಂಡು ಬನ್ನಿ, ಒಂದೇ ಕಡೆ ನಿಂತರೆ ಗುಳಿ ತೋಡುತ್ತದೆ. ಮೆಷಿನ್ ಮುಟ್ಟದ ಮೂಲೆಗೆ ಕೈ ದಮ್ಮಸು.

ಎಷ್ಟು ಸಾಕು ಅಂತ ಕಿವಿಯೇ ಹೇಳುತ್ತದೆ. ಮೊದಲ ಸುತ್ತಿನಲ್ಲಿ ಶಬ್ದ ಮಂದ, ದಬದಬ ಅನ್ನುತ್ತದೆ, ಮೆಷಿನ್ ಮಣ್ಣಿಗೆ ಅಂಟಿಕೊಂಡು ತೆವಳುತ್ತದೆ. ಮೂರು ನಾಲ್ಕನೆಯದಕ್ಕೆ ಶಬ್ದ ಬಿಗಿಯಾಗುತ್ತದೆ, ಹಲಗೆ ಚಿಮ್ಮಲು ಶುರುವಾಗುತ್ತದೆ, ನಡಿಗೆಗೂ ವೇಗ ಬರುತ್ತದೆ. ಚಿಮ್ಮಲು ಶುರುವಾದ ಮೇಲೂ ಓಡಿಸುತ್ತಿದ್ದರೆ ಗಟ್ಟಿಯಾದ ಮೇಲ್ಪದರ ಮತ್ತೆ ಸಡಿಲವಾಗುತ್ತದೆ, ಮೆಷಿನ್ನೂ ಹಾಳು. ನಿಲ್ಲಿಸಿ ಹಿಮ್ಮಡಿ ಊರಿ ತಿರುಗಿಸಿ ನೋಡಿ. ಗುರುತು ಬೀಳಬಾರದು. ಇನ್ನೂ ಅನುಮಾನವಿದ್ದರೆ ಕಾರನ್ನು ನಿಧಾನಕ್ಕೆ ಹಾಯಿಸಿ, ಟೈರಿನ ಹಿಂದೆ ನೆಲ ಅಲೆಯುತ್ತದಾ ಅಂತ ಬಗ್ಗಿ ನೋಡಿ.

ಜಲ್ಲಿ ಪದರ

ಬರೀ 40 ಎಂಎಂ ಜಲ್ಲಿ ಹರಡಿ, ಮೇಲೆ ಜಲ್ಲಿಪುಡಿ ಎರಚಿ, ಅದರ ಮೇಲೆ ಕಲ್ಲು ಕೂರಿಸುವುದು ನಮ್ಮ ಕಡೆಯ ವಾಡಿಕೆ. ಕಣ್ಣಿಗೆ ಗಟ್ಟಿ ಕಾಣುತ್ತದೆ. ದಪ್ಪ ಜಲ್ಲಿಯ ನಡುವಿನ ಸಂದಿ ಖಾಲಿ, ಮಳೆ ಬಿದ್ದಾಗ ಮೇಲಿನ ಪುಡಿ ಒಂದೊಂದು ಚಿಟಿಕೆ ಕೆಳಗಿಳಿದು ಕಲ್ಲು ಅಲ್ಲಾಡುತ್ತದೆ. ದಪ್ಪ, ಸಣ್ಣ, ಪುಡಿ ಎಲ್ಲ ಬೆರೆತಿರಬೇಕು, ಮಿಕ್ಸ್ಚರ್‌ನಲ್ಲಿ ಖಾರಬೂಂದಿ, ಸೇವು, ಕಡ್ಲೆಬೀಜ ಬೆರೆತ ಹಾಗೆ. ಕ್ರಷರ್‌ನಲ್ಲಿ ‘ವೆಟ್ ಮಿಕ್ಸ್’ ಅಂತ ಕೇಳಿದರೆ ನೀರು ಬೆರೆಸಿಯೇ ಕೊಡುತ್ತಾರೆ. ಸಿಗದಿದ್ದರೆ 20 ಎಂಎಂ, 12 ಎಂಎಂ ಜಲ್ಲಿ ಮತ್ತು ಪುಡಿ ತರಿಸಿ ಅಂಗಳದಲ್ಲೇ ಮಗುಚಿ ಬೆರೆಸಿ.

ಎಷ್ಟು ತರಿಸಬೇಕು? 30ಕ್ಕೆ 15 ಅಡಿ, ಅರ್ಧ ಅಡಿ ದಪ್ಪ, 225 ಘನ ಅಡಿ. ಆದರೆ ದಮ್ಮಸು ಹೊಡೆದ ಮೇಲೆ ಸಡಿಲ ಮಾಲು ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಹಾಗಾಗಿ 280 ಘನ ಅಡಿ. ಲೋಡಿನ ಲೆಕ್ಕದಲ್ಲಿ ಕೊಳ್ಳುವವರು ಟ್ರೈಲರ್ ಬಂದಾಗ ಟೇಪ್ ಹಿಡಿದು ಉದ್ದ, ಅಗಲ, ಎತ್ತರ ಅಳೆಯಿರಿ. ಚಾಲಕ ಮುಖ ಸಿಂಡರಿಸಿದರೂ ಪರವಾಗಿಲ್ಲ.

ಒಂದೇ ಸಲ ಸುರಿದು ಹರಡಬೇಡಿ. ನಮ್ಮ ಮೊದಲ ಅಂಗಳ ಹಾಳಾದದ್ದೇ ಹೀಗೆ. ಸಡಿಲವಾಗಿ 10 ಸೆಂಟಿಮೀಟರ್ ಹರಡಿ, ತೇವ ನೋಡಿ, ನಾಲ್ಕು ಸುತ್ತು ಹಾಯಿಸಿ. ಅದು 8ಕ್ಕೆ ಇಳಿಯುತ್ತದೆ. ಮತ್ತೆ 10 ಸೆಂಟಿಮೀಟರ್, ಮತ್ತೆ ನಾಲ್ಕು ಸುತ್ತು. ಎರಡು ಪದರಕ್ಕೆ ನಿಮ್ಮ 15 ಸೆಂಟಿಮೀಟರ್ ಬಂತು. ದಾರದಿಂದ ಅಳೆದು, ತಗ್ಗಿದ್ದರೆ ಮೇಲೆ ಸ್ವಲ್ಪ ಕೆದಕಿ ಸಣ್ಣ ಮಾಲು ಸೇರಿಸಿ ಮತ್ತೆ ಹಾಯಿಸಿ. ಇಲ್ಲಿ ಒಂದು ಸೆಂಟಿಮೀಟರ್ ಒಳಗೆ ಮಟ್ಟ ಬರದಿದ್ದರೆ ಮುಂದೆ ಎಲ್ಲೂ ಬರುವುದಿಲ್ಲ.

ಒಂದು ಗಮ್ಮತ್ತು ಕೇಳಿ. 30ಕ್ಕೆ 15 ಅಂಗಳದಲ್ಲಿ ಒಂದು ಸುತ್ತಿಗೆ ಮೆಷಿನ್ ನಡೆಯುವುದು ನೂರು ಮೀಟರ್ ಚಿಲ್ಲರೆ, ತಿರುವು ಸೇರಿಸಿ ಹತ್ತು ನಿಮಿಷದ ಒಳಗೆ. ಇಡೀ ಜಲ್ಲಿ ಕೆಲಸಕ್ಕೆ ಎಂಜಿನ್ ಓಡುವುದು ಒಂದೂವರೆ ಗಂಟೆ ಹಿಡಿಯಬಹುದು, ಮಿಕ್ಕ ಹೊತ್ತೆಲ್ಲ ಗುದ್ದಲಿ, ಬಾಂಡ್ಲಿ, ದಾರ. ಬಾಡಿಗೆ ದಿನದ ಲೆಕ್ಕದಲ್ಲಿ. ಜಲ್ಲಿ ಮನೆ ಮುಂದೆ ಬಿದ್ದು, ಆಳು ಬಂದ ಮೇಲೆ ಮೆಷಿನ್ ತರಿಸಿ. ಕಲ್ಲು ಕೂರಿಸಿದ ಮೇಲೆ ಇನ್ನೊಂದು ದಿನಕ್ಕೆ ಬೇರೆ ತರಿಸಿ. ನಡುವೆ ಸುಮ್ಮನೆ ಮನೆಯಲ್ಲಿ ಇಟ್ಟುಕೊಂಡು ದುಡ್ಡು ಕೊಡಬೇಡಿ.

ಕಾಫಿ ಕಣ ಮಾಡಿಸುವವರಿಗೂ ಇಲ್ಲಿಯವರೆಗಿನ ಕ್ರಮ ಇದೇ. ಕಣಕ್ಕೆ ಮಾತ್ರ ಇಂಟರ್‌ಲಾಕ್ ಬೇಡ. ಬೀಜ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಗುಡಿಸಿದಾಗಲೆಲ್ಲ ಮರಳು ಜೊತೆಗೆ ಬರುತ್ತದೆ. ದಮ್ಮಸು ಹೊಡೆದ ಜಲ್ಲಿ ಮೇಲೆ ಕಾಂಕ್ರೀಟೇ ಸರಿ.

ಮರಳು, ಕಲ್ಲು, ಕೊನೆಯ ಸುತ್ತು

ಮರಳಿಗಿಂತ ಮೊದಲು ಅಂಚು ಕಟ್ಟಿ, ಕರ್ಬ್ ಕಲ್ಲಿಗೆ ಹಿಂದಿನಿಂದ ಕಾಂಕ್ರೀಟ್ ಆನಿಸಿ. ಅಂಚು ಹಿಡಿಯದಿದ್ದರೆ ಕಲ್ಲು ಕಾರಿನ ಭಾರಕ್ಕೆ ಪಕ್ಕಕ್ಕೆ ಸರಿಯುತ್ತ ಹೋಗುತ್ತದೆ.

ಹಾಸುವುದು ಕಾಂಕ್ರೀಟಿಗೆ ಬಳಸುವ ದಪ್ಪ ಎಂ-ಸ್ಯಾಂಡ್. ಜಲ್ಲಿಪುಡಿ ಅಗ್ಗ, ಆದರೆ ಅದರಲ್ಲಿರುವ ಹಿಟ್ಟಿನಂಥ ಪುಡಿ ನೀರು ಹಿಡಿದಿಟ್ಟು ಕೆಸರಾಗುತ್ತದೆ. ಎರಡು ಜಿಐ ಪೈಪ್ ಮಲಗಿಸಿ, ಮೇಲೆ ನೆಟ್ಟಗಿನ ಪಟ್ಟಿ ಎಳೆದು ಮೂರೂವರೆ ಸೆಂಟಿಮೀಟರ್ ಒಂದೇ ಸಮ ಹರಡಿ. ಇಲ್ಲಿ ಮೆಷಿನ್ ತರಬೇಡಿ, ಕಾಲೂ ಇಡಬೇಡಿ. ಸಡಿಲ ಮರಳಿನ ಮೇಲೇ ಕಲ್ಲು ಕೂರಬೇಕು, ಆಮೇಲೆ ಕಲ್ಲಿನ ಮೇಲಿಂದ ಬಡಿದಾಗ ಮರಳು ಕೆಳಗಿನಿಂದ ಸಂದಿಗೆ ಏರುತ್ತದೆ. ಕಲ್ಲಿಗೂ ಕಲ್ಲಿಗೂ 2ರಿಂದ 4 ಮಿಲಿಮೀಟರ್ ಸಂದಿ ಬಿಡಿ. ಕರ್ಬ್ ಮಟ್ಟಕ್ಕಿಂತ ಅರ್ಧ ಸೆಂಟಿಮೀಟರ್ ಮೇಲೆ ಇರುವ ಹಾಗೆ ಕೂರಿಸಿ, ಬಡಿದಾಗ ಅಷ್ಟು ಇಳಿಯುತ್ತದೆ. ಕಾರು ತಿರುಗುವ ಜಾಗದಲ್ಲಿ ಉದ್ದುದ್ದ ಸಾಲು ಜೋಡಿಸದೆ ಚಾಪೆ ಹೆಣೆದ ಹಾಗೆ ಜೋಡಿಸಿ.

ಈಗ ಮೆಷಿನ್. ಹಲಗೆಯ ಅಡಿಗೆ ರಬ್ಬರ್ ಮ್ಯಾಟ್ ಕಟ್ಟಿಕೊಡಿ ಅಂತ ಅಂಗಡಿಯಲ್ಲಿ ಮೊದಲೇ ಹೇಳಿರಿ, ಇಲ್ಲದಿದ್ದರೆ ಬಣ್ಣದ ಕಲ್ಲಿನ ಮೈ ಗೀಚುತ್ತದೆ, ಮೂಲೆ ಚಕ್ಕೆ ಏಳುತ್ತದೆ. ಮೊದಲು ಸಂದಿಗೆ ಏನೂ ಹಾಕದೆ ಒಂದು ಸುತ್ತು. ಒಡೆದ ಕಲ್ಲು ಕಂಡರೆ ಆಗಲೇ ಬದಲಾಯಿಸಿ. ಆಮೇಲೆ ಪ್ಲಾಸ್ಟರಿಂಗಿಗೆ ಬಳಸುವ ಸಣ್ಣ ಎಂ-ಸ್ಯಾಂಡ್ ಒಣಗಿಸಿ ಎರಚಿ, ಕಡ್ಡಿಪೊರಕೆಯಲ್ಲಿ ಸಂದಿಗೆ ಗುಡಿಸಿ, ಮೇಲಿಂದ ಇನ್ನೆರಡು ಸುತ್ತು. ಮರಳು ಇಳಿದ ಹಾಗೆಲ್ಲ ಮತ್ತೆ ಗುಡಿಸಿ. ಮರಳು ಒದ್ದೆಯಿದ್ದರೆ ಸಂದಿಯ ಬಾಯಲ್ಲೇ ಕಟ್ಟಿಕೊಳ್ಳುತ್ತದೆ, ಒಳಗೆ ಖಾಲಿ. ಆವತ್ತೇ ಪೂರ್ತಿ ಕಲ್ಲು ಮುಗಿಯದಿದ್ದರೆ, ಅಂಚು ಕಟ್ಟದ ಕೊನೆಯಿಂದ ಒಂದು ಮೀಟರ್ ಒಳಗೇ ಮೆಷಿನ್ ನಿಲ್ಲಿಸಿ, ಇಲ್ಲದಿದ್ದರೆ ಕೂರಿಸಿದ ಸಾಲೆಲ್ಲ ಮುಂದಕ್ಕೆ ಜರುಗುತ್ತದೆ.

ಮೆಷಿನ್ ವಾಪಸ್ ಕಳಿಸುವ ಮುಂಚೆ, ಅದು ಇನ್ನೂ ಗೇಟಿನ ಒಳಗಿರುವಾಗಲೇ, ಗೋಡೆ ಬುಡಕ್ಕೆ ನಾಲ್ಕು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ. ನಿಂತ ಜಾಗದ ಹತ್ತು ಹನ್ನೆರಡು ಕಲ್ಲು ಎತ್ತಿ, ಮರಳು ಹೆಚ್ಚು ಕಡಿಮೆ ಮಾಡಿ, ಮತ್ತೆ ಕೂರಿಸಿ ಬಡಿಯಲು ಅರ್ಧ ಗಂಟೆ ಸಾಕು. ಜೂನ್‌ನಲ್ಲಿ ಅದೇ ಕೆಲಸಕ್ಕೆ ಛತ್ರಿ ಹಿಡಿದು ನಿಲ್ಲಬೇಕಾಗುತ್ತದೆ. ಒಂದು ಚೀಲ ಸಣ್ಣ ಮರಳನ್ನು ಒಣ ಜಾಗದಲ್ಲಿ ಕಟ್ಟಿಡಿ. ಮೊದಲ ಮಳೆಗಾಲ ಕಳೆದ ಮೇಲೆ ಸಂದಿಯ ಮರಳು ಒಂದಷ್ಟು ಇಳಿದಿರುತ್ತದೆ, ಒಂದಷ್ಟನ್ನು ಇರುವೆ ಹೊರಗೆ ಗುಡ್ಡೆ ಹಾಕಿರುತ್ತವೆ. ನಮ್ಮ ಮನೆಯಲ್ಲಿ ದೀಪಾವಳಿಗೆ ಅಂಗಳ ತೊಳೆದು ಒಣಗಿದ ಮಾರನೇ ದಿನ ಆ ಚೀಲ ಬಿಚ್ಚುತ್ತೇವೆ.